ಬೇಸಿಗೆ ರಜೆ, ಪುಟಾಣಿ ಜೊತೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಯುಗಾದಿ ಮುಗಿದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಮೂರು, ನಾಲ್ಕು, ಐದು ವರ್ಷದ ಮಗು ಇದೆ, ರಜೆಯಲ್ಲಿ ಊರಿಗೆ ಹೋಗಬೇಕು, ಎಲ್ಲಾದರೂ ಸುತ್ತಾಡಬೇಕು, ಬಿಸಿಲು ನೋಡಿದರೆ ಭಯ. ಶಿಶುವಿಹಾರದಲ್ಲಿ 22 ವರ್ಷ ಈ ವಯಸ್ಸಿನ ಮಕ್ಕಳ ಜೊತೆಗೇ ಇದ್ದವಳು ನಾನು. ಈಗ ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗ ಇದ್ದಾನೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇ ತಿಂಗಳಲ್ಲಿ ಐದು ದಿನದ ಪ್ರವಾಸ ಹಾಕಿದ್ದೇವೆ. ಮುರುಡೇಶ್ವರ, ಕೊಲ್ಲೂರು, ಉಡುಪಿ, ಕಟೀಲು, ಧರ್ಮಸ್ಥಳ, ಸುಬ್ರಹ್ಮಣ್ಯ ಎಲ್ಲ ಮುಗಿಸಿ ಬರಬೇಕು ಅಂತ ಮನೆಯವರ ಆಸೆ. ಟಿ.ಟಿ. (ಟೆಂಪೋ ಟ್ರಾವೆಲರ್) ಬುಕ್ ಆಗಿದೆ, ಒಟ್ಟು ಹನ್ನೊಂದು ಜನ. ಮಗಳಿಗೆ ಮೂರೂವರೆ ವರ್ಷ. ಹೋದ ವರ್ಷ ಎರಡನೇ ದಿನಕ್ಕೇ ಜ್ವರ, ಹಟ, ಅಳು. ನನಗೆ ಪ್ರವಾಸ ಅಂದರೇ ಸಾಕಾಗಿದೆ. ಏನು ಮಾಡಲಿ? (ಒಬ್ಬ ಅಮ್ಮ, ದಾವಣಗೆರೆ)

ಉತ್ತರ: ತಂಗಿ, ನಿಮ್ಮ ಮಗಳು ಹಟಮಾರಿ ಅಲ್ಲ. ಐದು ದಿನಕ್ಕೆ ಆರು ಕ್ಷೇತ್ರ ಅನ್ನುವುದು ದೊಡ್ಡವರಿಗೇ ಸುಸ್ತು. ಮೂರೂವರೆ ವರ್ಷದ ಮಗುವಿಗೆ ದಿನಾ ಹೊಸ ರೂಮು, ಹೊಸ ಬಚ್ಚಲು, ಹೊಸ ಊಟ, ಅದರ ಮೇಲೆ ಕ್ಯೂನಲ್ಲಿ ಎರಡು ಗಂಟೆ ನಿಲ್ಲುವುದು ಅಂದರೆ, ಅದು ಅಳದೆ ಇನ್ನೇನು ಮಾಡೀತು?

ನಾನು ಎಲ್ಲರಿಗೂ ಹೇಳುವುದು ಒಂದೇ. ಪ್ರವಾಸದ ಪಟ್ಟಿಗೆ ಮಗುವನ್ನು ಹೊಂದಿಸಬೇಡಿ, ಮಗುವಿನ ಹೊತ್ತಿಗೆ ಪಟ್ಟಿಯನ್ನು ಹೊಂದಿಸಿ. ನಿಮ್ಮ ಮಗಳು ಮನೆಯಲ್ಲಿ ಎಷ್ಟು ಗಂಟೆಗೆ ಏಳುತ್ತಾಳೆ, ಯಾವಾಗ ಹಸಿವು ಅನ್ನುತ್ತಾಳೆ, ಮಧ್ಯಾಹ್ನ ಎಷ್ಟು ಹೊತ್ತಿಗೆ ಕಣ್ಣು ಎಳೆಯುತ್ತದೆ? ಆ ಮೂರು ಹೊತ್ತು ಬರೆದುಕೊಳ್ಳಿ. ಊರು ಬದಲಾದರೂ ಅವು ಬದಲಾಗಬಾರದು. ಅಷ್ಟಾದರೆ ಮಕ್ಕಳು ಆಶ್ಚರ್ಯ ಆಗುವಷ್ಟು ಹೊಂದಿಕೊಳ್ಳುತ್ತವೆ.

ಲೆಕ್ಕ ಹೀಗೆ ಹಾಕಿ. ಉಡುಪಿಯಲ್ಲಿ ಒಂದೇ ಕಡೆ ರೂಮು ಮಾಡಿ, ಮೂರು ರಾತ್ರಿ ಅಲ್ಲೇ ಇರಿ. ಬೆಳಗಿನ ಜಾವ ಐದಕ್ಕೆ ದಾವಣಗೆರೆ ಬಿಟ್ಟರೆ ಮಗು ಶಿವಮೊಗ್ಗದವರೆಗೆ ನಿದ್ದೆ ಮಾಡುತ್ತದೆ. ತೀರ್ಥಹಳ್ಳಿಯಲ್ಲಿ ತಿಂಡಿ, ಅರ್ಧ ಗಂಟೆ ಓಡಾಟ. ಬಿಸಿಲು ಏರುವ ಹೊತ್ತಿಗೆ ರೂಮು ಸೇರಿರುತ್ತೀರಿ. ಕೊಲ್ಲೂರು ಉಡುಪಿಯಿಂದ ಸುಮಾರು 80 ಕಿ.ಮೀ., ಬೆಳಿಗ್ಗೆ ಬೇಗ ಹೋಗಿ ಊಟದ ಹೊತ್ತಿಗೆ ವಾಪಸ್ ಬರಬಹುದು. ಕೃಷ್ಣಮಠಕ್ಕೆ ಬೆಳಿಗ್ಗೆ, ಮಲ್ಪೆಗೆ ಸಂಜೆ ಐದರ ಮೇಲೆ. ನಾಲ್ಕನೇ ದಿನ ಧರ್ಮಸ್ಥಳದಲ್ಲಿ ಉಳಿದು, ಐದನೇ ದಿನ ಹೊರಡಿ. ಉಳಿದ ಮೂರು ಕ್ಷೇತ್ರ? ದೇವರು ಅಲ್ಲೇ ಇರುತ್ತಾನೆ, ಮುಂದಿನ ವರ್ಷ ಹೋಗಿ. ನಿಮ್ಮ ಅತ್ತೆ ಮಾವ ಒಪ್ಪದಿದ್ದರೆ ಟಿ.ಟಿ. ಅವರನ್ನು ಕರೆದುಕೊಂಡು ಹೋಗಲಿ, ಒಂದು ದಿನ ನೀವು ಮಗಳ ಜೊತೆ ರೂಮಿನಲ್ಲೇ ಉಳಿಯಿರಿ. ಅದರಲ್ಲಿ ತಪ್ಪೇನಿಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮನೆಯವರಿಗೆ ಓದಿ ಹೇಳಿ. ಡ್ರೈವರ್ ಪಕ್ಕದ ಸೀಟಿನಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಬೇಡಿ. ಗಾಡಿ ದಿಢೀರ್ ನಿಂತರೆ ಎಷ್ಟೇ ಗಟ್ಟಿಯಾಗಿ ಅಪ್ಪಿಕೊಂಡಿದ್ದರೂ ಮಗು ಕೈಯಲ್ಲಿ ಉಳಿಯುವುದಿಲ್ಲ. 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ, ಇಲ್ಲದಿದ್ದರೆ 1,000 ರೂಪಾಯಿ ದಂಡ. ಗಾಡಿ ಬುಕ್ ಮಾಡುವಾಗಲೇ ಹಿಂದಿನ ಸೀಟುಗಳ ಬೆಲ್ಟ್ ಕೆಲಸ ಮಾಡುತ್ತದಾ ಅಂತ ಕೇಳಿ. ಸೀಟಿನ ಸಂದಿಯೊಳಗೆ ಸಿಕ್ಕಿಹಾಕಿಕೊಂಡಿರುತ್ತವೆ, ಎಳೆದು ತೆಗೆಸಿ.

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ರೈಲಿನಲ್ಲಿ ಟಿಕೆಟ್ ಬೇಕಾ? ಬಸ್ಸಿನಲ್ಲಿ? (ಹಾಸನ)

ಉತ್ತರ: ರೈಲಿನಲ್ಲಿ 5 ವರ್ಷದೊಳಗೆ ಟಿಕೆಟ್ ಬೇಡ, ಆದರೆ ಬರ್ತ್ ಕೊಡುವುದಿಲ್ಲ. ಬೇರೆ ಬರ್ತ್ ಬೇಕು ಅಂದರೆ ದೊಡ್ಡವರ ಪೂರ್ತಿ ದರ ಕೊಡಬೇಕು. ರಾತ್ರಿ ಪ್ರಯಾಣವಾದರೆ ಕೊಡಿ ಅನ್ನುತ್ತೇನೆ ನಾನು. ಒಂದೇ ಬರ್ತಿನಲ್ಲಿ ಇಬ್ಬರು ಮಲಗಿದರೆ ಅಮ್ಮನಿಗೆ ನಿದ್ದೆ ಇಲ್ಲ, ಮಾರನೇ ದಿನ ಎಲ್ಲರಿಗೂ ಸಿಡುಕು. ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ 6 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಅಲ್ಲಿಂದ 12ರವರೆಗೆ ಅರ್ಧ. ವಯಸ್ಸಿನ ದಾಖಲೆಗೆ ಆಧಾರ್ ಅಥವಾ ಜನನ ಪತ್ರದ ಫೋಟೋ ಮೊಬೈಲ್‌ನಲ್ಲಿ ಇರಲಿ.

ಪ್ರಶ್ನೆ: ಬೆಂಗಳೂರಿನಿಂದ ಕಲಬುರಗಿಗೆ ರೈಲಿನಲ್ಲಿ ಹೋಗುತ್ತೇವೆ, ಮಗ ಮೂರು ವರ್ಷದವನು. ಹೊರಗಿನ ಊಟ ಅವನಿಗೆ ಆಗುವುದಿಲ್ಲ. ಹೋದ ಸಲ ಮನೆಯಿಂದಲೇ ಇಡ್ಲಿ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು, ಆದರೂ ಹೊಟ್ಟೆ ಕೆಟ್ಟಿತು. ಮನೆಯ ಊಟವೇ ಹೀಗಾದರೆ ಏನು ಕೊಡುವುದು? (ಒಬ್ಬ ಅಪ್ಪ, ಬೆಂಗಳೂರು)

ಉತ್ತರ: ಇಡ್ಲಿಯನ್ನು ಬೈಯಬೇಡಿ, ತಪ್ಪು ಹೆಚ್ಚಾಗಿ ಚಟ್ನಿಯದ್ದು. ಹಸಿ ತೆಂಗಿನಕಾಯಿ ರುಬ್ಬಿದ ಯಾವುದೇ ಪದಾರ್ಥ ಈ ಬಿಸಿಲಿಗೆ ಬೇಗ ಹಳಸುತ್ತದೆ. ಬೇಯಿಸಿದ ಅಡುಗೆ ಹೊರಗಿನ ಶಾಖದಲ್ಲಿ ಎರಡು ಗಂಟೆ ಇರಬಹುದು. 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ ಅಂತ ಲೆಕ್ಕ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ 40 ದಾಟುವುದು ಮಾಮೂಲು. ಸ್ಟೀಲ್ ಡಬ್ಬಿಗೆ ಬಿಸಿ ಬಿಸಿ ತುಂಬಿ ಮುಚ್ಚಳ ಬಿಗಿದರೆ ಇನ್ನೂ ಕಷ್ಟ, ಒಳಗೆ ಬೆವರಿ ನೀರು ಬಿಟ್ಟು ಕೆಡುತ್ತದೆ. ಅಗಲ ತಟ್ಟೆಯಲ್ಲಿ ಹರವಿ ಪೂರ್ತಿ ಆರಿದ ಮೇಲೆ ತುಂಬಿ.

ನೀರಿನಂಶ ಕಡಿಮೆ ಇರುವುದನ್ನು ಆರಿಸಿಕೊಳ್ಳಿ, ಇಷ್ಟೇ ಗುಟ್ಟು. ನೀವು ಹೋಗುತ್ತಿರುವ ಕಡೆಯವರು ಇದನ್ನು ಯಾವಾಗಲೋ ಕಲಿತಿದ್ದಾರೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೊರಟರೆ ವಾರ ಬೇಕಾದರೂ ನಡೆಯುತ್ತದೆ. ಮಗುವಿಗೆ ಖಾರ ಇಲ್ಲದೆ ಪುಡಿ ಮಾಡಿ, ರೊಟ್ಟಿ ಮುರಿದು ಒಂದು ಚಮಚ ತುಪ್ಪದಲ್ಲಿ ಕಲಸಿಕೊಡಿ. ಹಾಲು ಹಾಕಿ ಕಲಸಿದ ಚಪಾತಿ ಬೇಡ, ಬರೀ ನೀರು ಎಣ್ಣೆಯಲ್ಲಿ ಕಲಸಿದ್ದು ಸಾಕು. ರಾಗಿ ಹುರಿಹಿಟ್ಟು ಒಂದು ಡಬ್ಬಿ, ಬೆಲ್ಲದ ಪುಡಿ ಒಂದು ಡಬ್ಬಿ ಇಟ್ಟುಕೊಂಡರೆ ಎಲ್ಲಿ ಬೇಕಾದರೂ ಬಿಸಿನೀರಿನಲ್ಲಿ ಎರಡು ನಿಮಿಷದಲ್ಲಿ ಉಂಡೆ ಕಟ್ಟಿಕೊಡಬಹುದು. ತೆಳು ಅವಲಕ್ಕಿಯ ಒಗ್ಗರಣೆ, ಖರ್ಜೂರ ಬೀಜ ತೆಗೆದು ಚೂರು ಮಾಡಿದ್ದು, ಏಲಕ್ಕಿ ಬಾಳೆ. ಬಾಳೆಹಣ್ಣಿನಷ್ಟು ಸಲೀಸಾದ ಊಟ ಇನ್ನೊಂದಿಲ್ಲ, ಸಿಪ್ಪೆಯೇ ಅದರ ಡಬ್ಬಿ.

ಮೊಸರನ್ನ ಬೇಕೇ ಬೇಕು ಅಂದರೆ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಹಾಕಿ ಒಂದೇ ಚಮಚ ಮೊಸರು ಸೇರಿಸಿ ಅಂತ ನಮ್ಮ ಅಮ್ಮಂದಿರು ಮಾಡುತ್ತಿದ್ದರಲ್ಲ, ಅದು ಹುಳಿಯಾಗದಂತೆ ನೋಡಿಕೊಳ್ಳುತ್ತದೆ, ನಿಜ. ಆದರೆ ಹುಳಿ ಆಗಲಿಲ್ಲ ಅಂದ ಮಾತ್ರಕ್ಕೆ ಅನ್ನ ಕೆಟ್ಟಿಲ್ಲ ಅಂತ ಅರ್ಥ ಅಲ್ಲ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಮೊಸರನ್ನ ರೈಲು ಹತ್ತಿದ ತಕ್ಷಣದ ಊಟಕ್ಕೆ ಮಾತ್ರ. ಉಳಿದದ್ದನ್ನು ಬೆಳಿಗ್ಗೆಗೆ ಇಡಬೇಡಿ, ಅನ್ನ ಚೆಲ್ಲುವುದು ಮನಸ್ಸಿಗೆ ನೋವಾದರೂ ಸರಿ.

ಈಗ ನಾನು ಹೇಳಲೇಬೇಕಾದ ಒಂದು ವಿಷಯ. ಹುರಿಗಡಲೆ, ಕಡಲೆಬೀಜ, ಇಡೀ ದ್ರಾಕ್ಷಿ, ತಾಟಿನಿಂಗು, ನೇರಳೆ ಹಣ್ಣು, ಗಟ್ಟಿ ಪೆಪ್ಪರ್‌ಮಿಂಟು. ಇವನ್ನು ಓಡುವ ಗಾಡಿಯಲ್ಲಿ ಈ ವಯಸ್ಸಿನವರಿಗೆ ಕೊಡಲೇಬೇಡಿ. ನಮ್ಮ ಶಿಶುವಿಹಾರದ ಪಿಕ್ನಿಕ್‌ನಲ್ಲಿ ಒಬ್ಬ ಹುಡುಗನಿಗೆ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿತ್ತು. ಕೆಮ್ಮಲಿಲ್ಲ, ಅಳಲಿಲ್ಲ, ಸದ್ದೇ ಇಲ್ಲ. ಪಕ್ಕದ ಹುಡುಗಿ ‘ಮಿಸ್, ಇವನು ನೋಡಿ ಬಾಯಿ ತೆಗೀತಾನೆ’ ಅಂದಳು. ತಿರುಗಿ ನೋಡಿದರೆ ತುಟಿ ನೀಲಿ. ಮುಂದಕ್ಕೆ ಬಾಗಿಸಿ ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಹೊಡೆದೆ, ನಾಲ್ಕನೇ ಏಟಿಗೆ ದ್ರಾಕ್ಷಿ ಹುಲ್ಲಿನ ಮೇಲೆ ಬಿತ್ತು. ಹಸಿರು ದ್ರಾಕ್ಷಿ, ಒಂದು ಹಲ್ಲಿನ ಗುರುತೂ ಇರಲಿಲ್ಲ. ಆ ದಿನದಿಂದ ನಾನು ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳದೆ ಯಾವ ಮಗುವಿಗೂ ಕೊಟ್ಟಿಲ್ಲ. ವಿಧಾನ ನೆನಪಿಡಿ: ಒಂದು ವರ್ಷ ದಾಟಿದ ಮಗುವಿಗೆ ಐದು ಏಟು ಬೆನ್ನಿಗೆ; ಬರಲಿಲ್ಲವಾದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು; ಬರುವವರೆಗೆ ಇವೆರಡನ್ನೂ ಮಾಡುತ್ತಾ ಇರಿ. ಮಗು ಎಚ್ಚರ ತಪ್ಪಿದರೆ ನೆಲಕ್ಕೆ ಮಲಗಿಸಿ ಸಿಪಿಆರ್ (ಎದೆ ಒತ್ತುತ್ತಾ ಬಾಯಿಂದ ಉಸಿರು ಕೊಡುವುದು) ಶುರು ಮಾಡಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಾಡಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ. ಆದರೆ ಮಗು ಜೋರಾಗಿ ಕೆಮ್ಮುತ್ತಿದ್ದರೆ ಹೊಡೆಯಬೇಡಿ, ಕೆಮ್ಮಲು ಬಿಡಿ.

ಪ್ರಶ್ನೆ: ಘಾಟಿ ಶುರುವಾದ ಕೂಡಲೇ ಮಗಳು ವಾಂತಿ ಮಾಡುತ್ತಾಳೆ. ಐದು ವರ್ಷ. ಮಡಿಕೇರಿಗೆ ಹೋಗುವುದೇ ಬಿಟ್ಟಿದ್ದೇವೆ. (ಮೈಸೂರು)

ಉತ್ತರ: ಎರಡು ವರ್ಷದಿಂದ ಹನ್ನೆರಡು ವರ್ಷದವರೆಗೆ ಇದು ತುಂಬಾ ಸಾಮಾನ್ಯ, ಬೆಳೆಯುತ್ತಾ ಕಡಿಮೆ ಆಗುತ್ತದೆ. ಕಿವಿಯೊಳಗಿನ ಸಮತೋಲನದ ಭಾಗ ‘ಓಡುತ್ತಿದ್ದೇವೆ’ ಅನ್ನುತ್ತದೆ, ಕಣ್ಣು ಮೊಬೈಲ್ ಪರದೆ ನೋಡುತ್ತಾ ‘ಇಲ್ಲ, ಕೂತಿದ್ದೇವೆ’ ಅನ್ನುತ್ತದೆ. ಈ ಜಗಳಕ್ಕೇ ಹೊಟ್ಟೆ ತೊಳಸುವುದು. ಆದ್ದರಿಂದ ಮೊದಲು ಮೊಬೈಲ್ ತೆಗೆದಿಡಿ. ಮಗಳ ಸೀಟು ಸ್ವಲ್ಪ ಎತ್ತರ ಆಗುವಂತೆ ಮಾಡಿ, ಮುಂದಿನ ರಸ್ತೆ ಕಾಣಲಿ. ಖಾಲಿ ಹೊಟ್ಟೆಯೂ ಬೇಡ, ಮಸಾಲೆ ದೋಸೆಯೂ ಬೇಡ. ಹೊರಡುವ ಒಂದು ಗಂಟೆ ಮೊದಲು ಒಂದು ಇಡ್ಲಿಯೋ ಎರಡು ಬಿಸ್ಕತ್ತೋ ಸಾಕು. ಹಾಲು ಆ ದಿನ ಬೇಡ. ಕಾರಿನೊಳಗೆ ಸುಗಂಧದ ಡಬ್ಬಿ ನೇತು ಹಾಕಿದ್ದರೆ ಕಿತ್ತುಹಾಕಿ, ಕಿಟಕಿ ಸ್ವಲ್ಪ ಇಳಿಸಿ. ತಿರುವಿಗೆ ಮೊದಲೇ ನಿಲ್ಲಿಸಿ ಐದು ನಿಮಿಷ ಇಳಿಸಿ ನಡೆಸಿದರೆ ಅರ್ಧ ಕಷ್ಟ ಕಡಿಮೆ. ಮಾತ್ರೆ ಬೇಕಾದರೆ ನಿಮ್ಮ ಮಕ್ಕಳ ಡಾಕ್ಟರನ್ನೇ ಕೇಳಿ, ತೂಕ ನೋಡಿ ಬರೆಯುತ್ತಾರೆ. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಡುವುದು ಬೇಡ.

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಹಗಲು ರೈಲಿನಲ್ಲಿ ಒಮ್ಮೆ ಕರೆದುಕೊಂಡು ಹೋಗಿ. ರೈಲಿನಲ್ಲಿ ತಿರುವು ಅಷ್ಟು ಗೊತ್ತಾಗುವುದಿಲ್ಲ. ಆ ದಾರಿಯಲ್ಲಿ 57 ಸುರಂಗ ಇವೆ. ಎಣಿಸಲು ಹೇಳಿ. ನನ್ನ ಮೊಮ್ಮಗ ಪ್ರತಿ ಸುರಂಗಕ್ಕೂ ಕೂಗಿ, ಹನ್ನೆರಡಕ್ಕೆ ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಶುರು ಮಾಡಿದ್ದ. ವಾಂತಿಯ ನೆನಪೇ ಬರಲಿಲ್ಲ.

ಪ್ರಶ್ನೆ: ಮಾತ್ರೆ ಅಂಗಡಿಯಲ್ಲಿ ರೆಡಿ ಪಾನೀಯದ ಡಬ್ಬಿ ಸಿಗುತ್ತದಲ್ಲ, ಓಆರ್‌ಎಸ್ (ಭೇದಿ ಆದಾಗ ಕುಡಿಸುವ ಉಪ್ಪು ಸಕ್ಕರೆಯ ನೀರು) ಅಂತ ಕುಡಿಸುತ್ತಿದ್ದೆ. ಅದು ಓಆರ್‌ಎಸ್ ಅಲ್ಲ ಅಂತ ಯಾರೋ ಹೇಳಿದರು. ಹೌದಾ? (ತುಮಕೂರು)

ಉತ್ತರ: ಸರಿಯಾಗಿ ಹೇಳಿದ್ದಾರೆ. ಡಬ್ಬಿಯಲ್ಲಿ ಸಿಗುವ ಹಲವು ಪಾನೀಯಗಳಲ್ಲಿ ಸಕ್ಕರೆ ವಿಪರೀತ ಇರುತ್ತದೆ. ಭೇದಿ ಆಗುವಾಗ ಅಷ್ಟು ಸಕ್ಕರೆ ಕುಡಿಸಿದರೆ ಕರುಳು ಇನ್ನಷ್ಟು ನೀರನ್ನು ಹೊರಗೆ ಎಳೆಯುತ್ತದೆ, ಭೇದಿ ಜಾಸ್ತಿ ಆಗುತ್ತದೆ. ಇದೇ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದ ಪಾನೀಯಗಳ ಮೇಲೆ ಓಆರ್‌ಎಸ್ ಅನ್ನುವ ಪದವನ್ನೇ ಹಾಕಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿತು.

ನಿಜವಾದ ಓಆರ್‌ಎಸ್ ಪುಡಿಯ ಪೊಟ್ಟಣದಲ್ಲಿ ಬರುತ್ತದೆ. ಲೀಟರಿಗೆ ಕಲಸುವ ಪೊಟ್ಟಣದಲ್ಲಿ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9 ಅಂತ ಬರೆದಿರಬೇಕು, ಒಟ್ಟು 20.5 ಗ್ರಾಂ. ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಪ್ರವಾಸದ ಬ್ಯಾಗಿನಲ್ಲಿ ನಾಲ್ಕು ಪೊಟ್ಟಣ ಇರಲಿ. ಜನ ಮಾಡುವ ದೊಡ್ಡ ತಪ್ಪು ಏನೆಂದರೆ, ಒಂದು ಲೋಟ ನೀರಿಗೆ ಅಂದಾಜಿನಲ್ಲಿ ಸ್ವಲ್ಪ ಪುಡಿ ಸುರಿಯುವುದು. ಹಾಗೆ ಮಾಡಬೇಡಿ. ಪೂರ್ತಿ ಪೊಟ್ಟಣ, ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರು, 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ. ಎರಡು ವರ್ಷ ದಾಟಿದ ಮಗುವಿಗೆ ಪ್ರತಿ ಸಲ ಭೇದಿ ಆದ ಮೇಲೆ 100ರಿಂದ 200 ಮಿ.ಲೀ., ಚಮಚದಲ್ಲಿ ನಿಧಾನವಾಗಿ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು. ಪೊಟ್ಟಣ ಸಿಗದ ಜಾಗದಲ್ಲಿ ಒಂದು ಲೀಟರ್ ನೀರಿಗೆ ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆದರೆ ಅಪಾಯ, ಅಳೆದೇ ಹಾಕಿ.

ಭೇದಿ ಇಲ್ಲದ ಆರೋಗ್ಯದ ಮಗುವಿಗೆ ಬಿಸಿಲು ಅಂತ ದಿನಾ ಓಆರ್‌ಎಸ್ ಬೇಕಿಲ್ಲ. ನೀರು, ನೀರು ಮಜ್ಜಿಗೆ, ಎಳನೀರು, ಬೆಲ್ಲದ ಪಾನಕ, ರಾಗಿ ಅಂಬಲಿ ಸಾಕು. 14 ಕೆ.ಜಿ. ತೂಕದ ಮಗುವಿಗೆ ಹಾಲು, ಸಾರು ಎಲ್ಲ ಸೇರಿ ದಿನಕ್ಕೆ ಸುಮಾರು 1,200 ಮಿ.ಲೀ. ದ್ರವ ಬೇಕು, ಓಡಾಡಿ ಬೆವರಿದ ದಿನ ಇನ್ನೂ ಜಾಸ್ತಿ. ಆಡುವಾಗ ಮಕ್ಕಳು ಕೇಳುವುದಿಲ್ಲ, ನೀವೇ ಅರ್ಧ ಗಂಟೆಗೊಮ್ಮೆ ಎರಡು ಗುಟುಕು ಕೊಡಿ. ಮೂತ್ರ ತಿಳಿ ಹಳದಿ ಇದ್ದರೆ ಸರಿ ಇದೆ ಅಂತ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ಸಲವೂ ಮೂತ್ರ ಮಾಡದಿದ್ದರೆ, ಅಳುವಾಗ ಕಣ್ಣೀರು ಬರದಿದ್ದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ಪುಣೆಯಲ್ಲಿದ್ದೇವೆ. ರಜೆ ಸಿಗುವುದು ಮೇ ತಿಂಗಳಲ್ಲೇ. ಮಗನಿಗೆ ಹಂಪಿ ತೋರಿಸುವ ಆಸೆ, ಐದು ವರ್ಷ. ಹುಚ್ಚು ಅನ್ನುತ್ತೀರಾ? (ಒಬ್ಬ ಕನ್ನಡಿಗ ಅಪ್ಪ)

ಉತ್ತರ: ಖಂಡಿತ ಅನ್ನುವುದಿಲ್ಲ, ಕರೆದುಕೊಂಡು ಬನ್ನಿ. ಆದರೆ ಹಂಪಿಯನ್ನು ಬೆಳಿಗ್ಗೆ ಹತ್ತರೊಳಗೆ ಮತ್ತು ಸಂಜೆ ಐದರ ಮೇಲೆ ಮಾತ್ರ ನೋಡಿ. ನಡುವೆ ರೂಮು, ಊಟ, ನಿದ್ದೆ. ಬಂಡೆಗಳು ದಿನವಿಡೀ ಕಾದು ಸಂಜೆಯವರೆಗೂ ಶಾಖ ಬಿಡುತ್ತಿರುತ್ತವೆ, ಅಲ್ಲಿ ಗಾಳಿಯೂ ಬಿಸಿ. ವಿಠ್ಠಲ ದೇವಸ್ಥಾನಕ್ಕೆ ಗಾಡಿ ನಿಲ್ಲಿಸುವ ಜಾಗದಿಂದ ಬ್ಯಾಟರಿ ಗಾಡಿ ಇದೆ, ಮಗುವನ್ನು ನಡೆಸಬೇಡಿ. ಸೂರ್ಯಾಸ್ತಕ್ಕೆ ಮಾತಂಗ ಬೆಟ್ಟ ಬೇಡ, ಹೇಮಕೂಟ ಸಾಕು. ವಿರೂಪಾಕ್ಷನ ಗುಡಿಯ ಪಕ್ಕದಲ್ಲೇ ಇದೆ, ಏರು ಸಣ್ಣದು.

ಪಾದದ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ನಾವು ಒಂದು ಏಪ್ರಿಲ್‌ನಲ್ಲಿ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ಚಪ್ಪಲಿ ಕೆಳಗೇ ಬಿಡಬೇಕು, 600ಕ್ಕೂ ಹೆಚ್ಚು ಮೆಟ್ಟಿಲು. ಹತ್ತುವಾಗ ಬೆಳಿಗ್ಗೆ, ಏನೂ ಅನಿಸಲಿಲ್ಲ. ಇಳಿಯುವಾಗ ಹನ್ನೊಂದೂವರೆ. ಮೊಮ್ಮಗ ಒಂದು ಕಾಲು ಎತ್ತುತ್ತಾನೆ, ಇನ್ನೊಂದು ಎತ್ತುತ್ತಾನೆ, ಕುಣಿಯುತ್ತಿದ್ದಾನೆ ಅಂದುಕೊಂಡು ನಾವೆಲ್ಲ ನಗುತ್ತಿದ್ದೆವು. ಕೆಳಗೆ ಬಂದು ನೋಡಿದರೆ ಎರಡೂ ಹೆಬ್ಬೆರಳಿನ ಬುಡದಲ್ಲಿ ನೀರು ತುಂಬಿದ ಬೊಬ್ಬೆ. ಹತ್ತುವ ಜಾಗದಲ್ಲೇ ಕಾಲುಚೀಲ ಮಾರುತ್ತಿದ್ದರು, ನಾವು ದಾಟಿಕೊಂಡು ಹೋಗಿದ್ದೆವು. ಆ ನಗು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ನಿಮ್ಮ ಮಗನಿಗೆ ದಪ್ಪ ಹತ್ತಿ ಕಾಲುಚೀಲ ಎರಡು ಜೊತೆ ಇಟ್ಟುಕೊಳ್ಳಿ, ಚಪ್ಪಲಿ ಬಿಡುವ ಕಡೆಯೆಲ್ಲ ಹಾಕಿ.

ಅಗಲ ಅಂಚಿನ ಟೋಪಿ, ಸಡಿಲ ಹತ್ತಿ ಬಟ್ಟೆ, ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್ ಹೊರಡುವ 20 ನಿಮಿಷ ಮೊದಲು. ತುಂಗಭದ್ರೆಯಲ್ಲಿ ತೆಪ್ಪ ಹತ್ತಿದರೆ ಮಗುವಿನ ಅಳತೆಯ ಲೈಫ್ ಜಾಕೆಟ್ ಇದ್ದರೆ ಮಾತ್ರ, ದೊಡ್ಡವರದ್ದು ಹಾಕಿದರೆ ಮಗು ಅದರೊಳಗಿಂದ ಜಾರುತ್ತದೆ. ಹೊಳೆಗೆ ಇಳಿಸುವುದಂತೂ ಬೇಡ. ಮಗುವಿಗೆ ಮೈ ಕೆಂಡದಂತೆ ಸುಟ್ಟು, ಮಾತು ತಡವರಿಸಿ ಅಥವಾ ಮಂಪರು ಬಂದರೆ ಅದು ಬಿಸಿಲಾಘಾತ. ತಕ್ಷಣ ನೆರಳು, ಬಟ್ಟೆ ಸಡಿಲ, ಮೈಗೆಲ್ಲ ನೀರು ಹಾಕಿ ಬೀಸಿ, 108ಕ್ಕೆ ಫೋನ್ ಮಾಡಿ. ಜ್ವರದ ಸಿರಪ್ ಇದಕ್ಕೆ ಕೆಲಸ ಮಾಡುವುದಿಲ್ಲ. ಎಚ್ಚರ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಪ್ರಶ್ನೆ: ಮಗು ಕಾರಿನಲ್ಲಿ ಮಲಗಿರುತ್ತದೆ. ಎರಡೇ ನಿಮಿಷ ಅಂಗಡಿಗೆ ಹೋಗಿ ಬರಬಹುದಾ, ಕಿಟಕಿ ಸ್ವಲ್ಪ ತೆಗೆದಿಟ್ಟು? (ಬಳ್ಳಾರಿ)

ಉತ್ತರ: ಬೇಡ. ನಿಲ್ಲಿಸಿದ ಕಾರಿನೊಳಗೆ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಏರುತ್ತದೆ, ಕಿಟಕಿ ಎರಡು ಬೆರಳು ತೆಗೆದರೂ ಹೆಚ್ಚೇನೂ ವ್ಯತ್ಯಾಸ ಇಲ್ಲ. ಮಕ್ಕಳ ಮೈ ದೊಡ್ಡವರಿಗಿಂತ ಬಹಳ ಬೇಗ ಕಾಯುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಯಾವತ್ತೂ ಎರಡು ನಿಮಿಷ ಆಗುವುದಿಲ್ಲ, ಅಲ್ವಾ? ಎಬ್ಬಿಸಿ ಎತ್ತಿಕೊಂಡು ಹೋಗಿ. ಮನೆಯಲ್ಲಿ ನಿಂತಿರುವ ಕಾರನ್ನೂ ಯಾವಾಗಲೂ ಲಾಕ್ ಮಾಡಿ, ಆಟ ಆಡುತ್ತಾ ಒಳಗೆ ಹೊಕ್ಕು ಬಾಗಿಲು ಹಾಕಿಕೊಳ್ಳುವ ಮಕ್ಕಳಿದ್ದಾರೆ.

ಪ್ರಶ್ನೆ: ಬೈಕಿನಲ್ಲಿ ಮೂರು ವರ್ಷದ ಮಗುವನ್ನು ಮುಂದೆ ಟ್ಯಾಂಕ್ ಮೇಲೆ ಕೂರಿಸಿಕೊಂಡು 60 ಕಿ.ಮೀ. ದೂರದ ಊರಿಗೆ ಹೋಗುತ್ತೇವೆ. ತಪ್ಪಾ? (ಚಿತ್ರದುರ್ಗ)

ಉತ್ತರ: ತಪ್ಪು ಅಣ್ಣ. ಬಸ್ಸಿನಲ್ಲಿ ಹೋಗಿ. ಬೈಕೇ ಗತಿ ಅಂದರೆ ನಿಯಮ ಹೀಗಿದೆ: ನಾಲ್ಕು ವರ್ಷದೊಳಗಿನ ಮಗುವಿಗೆ ಸವಾರನಿಗೆ ಕಟ್ಟುವ ಸುರಕ್ಷತಾ ಪಟ್ಟಿ, ತಲೆಗೆ ಸರಿಹೊಂದುವ ಹೆಲ್ಮೆಟ್, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. 2022ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮ ಇದು. ಮುಂದೆ ಕೂತ ಮಗುವಿನ ಮುಖಕ್ಕೆ ಬಿಸಿಗಾಳಿ, ಧೂಳು, ಹುಳ ಎಲ್ಲ ನೇರ ಬಡಿಯುತ್ತದೆ. ಮಂಪರು ಬಂದು ತಲೆ ವಾಲಿದರೆ ಹಿಡಿಯಲು ನಿಮ್ಮ ಕೈ ಖಾಲಿ ಇರುವುದಿಲ್ಲ.

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಮೇ ತಿಂಗಳಿಗೆ ಬೆಂಗಳೂರಿನಿಂದ ಮೊಮ್ಮಕ್ಕಳು ಬರುತ್ತಾರೆ, ಒಂದಕ್ಕೆ ಮೂರು, ಒಂದಕ್ಕೆ ಐದು. ಸೊಸೆಗೆ ಮಂಗನ ಕಾಯಿಲೆ ಭಯ, ಬರುವುದೇ ಬೇಡ ಅನ್ನುತ್ತಾಳೆ. ಮಕ್ಕಳಿಲ್ಲದೆ ಮನೆ ಬಿಕೋ ಅನ್ನುತ್ತದೆ. ಏನು ಹೇಳಲಿ ಅವಳಿಗೆ? (ಒಬ್ಬ ಅಜ್ಜಿ)

ಉತ್ತರ: ಅಮ್ಮಾ, ನಿಮ್ಮ ಸೊಸೆಯ ಭಯ ಸುಳ್ಳಲ್ಲ, ನಿಮ್ಮ ಆಸೆಯೂ ತಪ್ಪಲ್ಲ. ಈ ಕಾಯಿಲೆ 1957ರಲ್ಲಿ ನಿಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಉಣುಗು (ಉಣ್ಣಿ) ಕಚ್ಚುವುದರಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಹಾಗಾಗಿ ಮೊದಲ ಕೆಲಸ, ಆಶಾ ಕಾರ್ಯಕರ್ತೆಯನ್ನು ಕೇಳಿ: ಈ ವರ್ಷ ನಮ್ಮ ಊರಿನ ಸುತ್ತ ಯಾರಿಗಾದರೂ ಬಂದಿದೆಯಾ, ಮಂಗ ಸತ್ತು ಬಿದ್ದಿದೆಯಾ? ಹೌದು ಅಂದರೆ ಈ ಸಲ ನೀವೇ ಬೆಂಗಳೂರಿಗೆ ಹೋಗಿ ಬನ್ನಿ. ಮಳೆ ಹಿಡಿದ ಮೇಲೆ ಮಕ್ಕಳು ದಸರಾ ರಜೆಗೆ ಬರಲಿ.

ಇಲ್ಲ ಅಂದರೆ ಬರಲಿ, ಸ್ವಲ್ಪ ಎಚ್ಚರ ಸಾಕು. ಮಕ್ಕಳು ಅಂಗಳದಲ್ಲಿ, ತೋಟದ ಗುಡಿಸಿದ ಜಾಗದಲ್ಲಿ ಆಡಲಿ, ಕಾಡಿನ ಅಂಚಿಗೆ ಬೇಡ. ಕೊಟ್ಟಿಗೆಗೆ ಕಾಡಿನಿಂದ ದರಗು (ಒಣಗಿದ ಎಲೆ) ತರುತ್ತೀರಲ್ಲ, ಆ ರಾಶಿಯಲ್ಲೇ ಉಣುಗು ಮನೆಯವರೆಗೆ ಬರುತ್ತದೆ. ಮಕ್ಕಳು ಇರುವಷ್ಟು ದಿನ ಹೊಸದಾಗಿ ತರಿಸಬೇಡಿ, ಹಳೆ ರಾಶಿಯ ಮೇಲೆ ಕುಣಿಯಲು ಬಿಡಬೇಡಿ. ಕಾಡಿಗೆ ಹೋಗಿ ಬಂದವರು ಮೊದಲು ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ, ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಡೇಪಾ ತೈಲ ಕೊಡುತ್ತಾರೆ, ಚಿಕ್ಕ ಮಕ್ಕಳಿಗೆ ಹಚ್ಚಬಹುದಾ ಅನ್ನುವುದನ್ನು ಅಲ್ಲೇ ಕೇಳಿ. ಸಂಜೆ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳು, ತೊಡೆಸಂದಿ, ಮಂಡಿಯ ಹಿಂಭಾಗ ಬೆಳಕಿನಲ್ಲಿ ನೋಡಿ. ಉಣುಗಿನ ಮರಿ ಎಳ್ಳಿಗಿಂತ ಸಣ್ಣದು, ಮಚ್ಚೆ ಅಂದುಕೊಂಡು ಬಿಟ್ಟುಬಿಡುತ್ತೇವೆ. ಕಚ್ಚಿಕೊಂಡಿದ್ದರೆ ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ, ಉಗುರಿನಲ್ಲಿ ಹಿಸುಕಬೇಡಿ. ಬೆಂಗಳೂರಿಗೆ ಹೋದ ಮೇಲೆ ಹತ್ತು ದಿನದೊಳಗೆ ಮಗುವಿಗೆ ದಿಢೀರ್ ಜ್ವರ, ತಲೆನೋವು ಬಂದರೆ ‘ಮಲೆನಾಡಿಗೆ ಹೋಗಿದ್ದೆವು’ ಅಂತ ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಲು ಸೊಸೆಗೆ ತಿಳಿಸಿ.

ಆದರೆ ನನ್ನನ್ನು ಕೇಳಿದರೆ, ಉಣುಗಿಗಿಂತ ನನಗೆ ಹೆಚ್ಚು ಭಯ ನೀರಿನದ್ದು. ಬಾವಿಗೆ ಕಟ್ಟೆ ಎಷ್ಟು ಎತ್ತರ ಇದೆ? ಐದು ವರ್ಷದ ಮಗು ಬಕೆಟ್ ಮಗುಚಿ ಹಾಕಿ ಹತ್ತುತ್ತದಾ ನೋಡಿ. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ, ಮಕ್ಕಳು ಬರುವ ಮೊದಲೇ. ತೋಟದಲ್ಲಿ ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡ ಇದ್ದರೆ ಅದು ಬಾವಿಗಿಂತ ಕೆಟ್ಟದ್ದು. ಆ ಹಾಳೆಯ ಮೇಲೆ ಪಾಚಿ ಕಟ್ಟಿರುತ್ತದೆ, ಒಮ್ಮೆ ಜಾರಿದರೆ ಈಜು ಬರುವ ದೊಡ್ಡವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಸುತ್ತ ಬೇಲಿ ಕಟ್ಟಿಸಿ, ಒಳಗೆ ಗಂಟು ಹಾಕಿದ ಹಗ್ಗ ಇಳಿಬಿಡಿಸಿ. ಬಚ್ಚಲಿನ ಹಂಡೆ, ತುಂಬಿದ ಬಕೆಟ್ಟು ಇವನ್ನೂ ಮರೆಯಬೇಡಿ, ನಾಲ್ಕು ಬೆರಳು ನೀರು ಸಾಕು ಸಣ್ಣ ಮಗುವಿಗೆ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿ ಯಾವುದೂ ಬೇಡ, ಅಲುಗಾಡಿಸದೆ ಎತ್ತಿಕೊಂಡು ತಾಲೂಕು ಆಸ್ಪತ್ರೆಗೆ ಓಡಿ. ಚೇಳು ಕಚ್ಚಿದರೂ ಈ ವಯಸ್ಸಿನವರಿಗೆ ಆಸ್ಪತ್ರೆಯೇ.

ಈ ಉತ್ತರವನ್ನು ಸೊಸೆಗೆ ಓದಲು ಕೊಡಿ. ಜಾಲರಿ ಹಾಕಿಸಿದ ಬಾವಿಯ ಫೋಟೋ ತೆಗೆದು ಕಳಿಸಿ. ಅವಳು ಬರುತ್ತಾಳೆ ಅಂತ ನನಗನಿಸುತ್ತದೆ.

ಪ್ರಶ್ನೆ: ಮಾವಿನ ಹಣ್ಣು ತಿಂದರೆ ಮಗನ ಬಾಯಿ ಸುತ್ತ ಗುಳ್ಳೆ ಏಳುತ್ತದೆ. ಉಷ್ಣ ಅಂತ ಕೊಡುವುದನ್ನೇ ನಿಲ್ಲಿಸಿದ್ದೇನೆ. ಪಾಪ ಅನಿಸುತ್ತದೆ. (ಧಾರವಾಡ)

ಉತ್ತರ: ಧಾರವಾಡದಲ್ಲಿದ್ದು ಆಪೂಸು ತಿನ್ನದ ಮಗುವೇ! ಗುಳ್ಳೆ ಹೆಚ್ಚಾಗಿ ತೊಟ್ಟಿನ ಸೊನೆಯಿಂದ. ಅದು ಸಿಪ್ಪೆಗೆ ಅಂಟಿರುತ್ತದೆ, ಮಕ್ಕಳು ಸಿಪ್ಪೆ ಕಚ್ಚಿ ಚೀಪಿದಾಗ ತುಟಿಗೆ ಹತ್ತುತ್ತದೆ. ತೊಟ್ಟಿನ ಕಡೆ ಸ್ವಲ್ಪ ಕತ್ತರಿಸಿ ತೆಗೆದು, ಹಣ್ಣನ್ನು ಒಂದು ಗಂಟೆ ನೀರಿನಲ್ಲಿ ಹಾಕಿಟ್ಟು, ಚೆನ್ನಾಗಿ ಉಜ್ಜಿ ತೊಳೆಯಿರಿ. ಸಿಪ್ಪೆ ಪೂರ್ತಿ ತೆಗೆದು ಹೋಳು ಮಾಡಿ ಒಂದೆರಡು ಕೊಟ್ಟು ನೋಡಿ, ತಿಂದ ಮೇಲೆ ಬಾಯಿ ತೊಳೆಸಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ನಿಷೇಧ, ಆದರೂ ಮಾಡುವವರಿದ್ದಾರೆ. ಗೊತ್ತಿರುವ ತೋಟದವರ ಹತ್ತಿರ ಕಾಯಿ ತಂದು ಹುಲ್ಲಿನಲ್ಲಿ ನೀವೇ ಹಾಕಿಡಿ. ತುಟಿ ಊದಿದರೆ, ಮೈಮೇಲೆ ದದ್ದು ಎದ್ದರೆ ಮಾತ್ರ ಅಲರ್ಜಿ ಇರಬಹುದು, ಡಾಕ್ಟರಿಗೆ ತೋರಿಸುವವರೆಗೆ ನಿಲ್ಲಿಸಿ. ಉಸಿರು ಕಟ್ಟಿದಂತಾದರೆ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಇವ್ಯಾವುದೂ ಇಲ್ಲದಿದ್ದರೆ ಕೊಡಿ. ಹಳೇ ಬನಿಯನ್ ಹಾಕಿ ಹಿತ್ತಲಲ್ಲಿ ಕೂರಿಸಿ, ಮೊಣಕೈವರೆಗೆ ರಸ ಸುರಿಸಿಕೊಂಡು ತಿನ್ನಲಿ.